ನೈಲ್ ನದಿಯನ್ನು ದಾಟದ ಮೇಷ್ಟ್ರು

ಕಳೆದ ತಿಂಗಳು ಚಾಂಪಿಯನ್ ರೀಫ್ಸ್‌ನ ನಮ್ಮ ಹಳೆಯ ಶಾಲೆಯಲ್ಲಿ, ನನ್ನ ಜೊತೆ ಅಲ್ಲಿ ಚರಿತ್ರೆ ಕಲಿಸುತ್ತಿದ್ದ ಮೇಷ್ಟ್ರಿಗಾಗಿ ಒಂದು ಸಂತಾಪಸಭೆ ನಡೆಯಿತು. ನನ್ನನ್ನೂ ಕರೆದಿದ್ದರು, ಕರೆದು, ಮೂರನೆಯ ಸಾಲಿನಲ್ಲಿ ಕಂಬದ ಹಿಂದೆ ಕೂರಿಸಿದರು. ವೇದಿಕೆಯ ಮೇಲಿದ್ದವರಲ್ಲಿ ಅವರ ಜೊತೆ ಒಂದು ದಿನವಾದರೂ ಕೆಲಸ ಮಾಡಿದವರು ಯಾರೂ ಇರಲಿಲ್ಲ. ಮೊದಲ ಭಾಷಣಕಾರರು, ದಿವಂಗತರು ಗ್ರೀಸ್ ಮತ್ತು ರೋಮಿನ ಚರಿತ್ರೆಯನ್ನು ಕಣ್ಣಿಗೆ ಕಟ್ಟುವಂತೆ ಬೋಧಿಸುತ್ತಿದ್ದರು ಎಂದರು. ನಾನು ಕಂಬದ ಹಿಂದಿನಿಂದಲೇ ಕೆಮ್ಮಿದೆ. ಅವರು ಗ್ರೀಸಿಗೆ ಕಾಲಿಟ್ಟವರೇ ಅಲ್ಲ. ಪ್ರತಿ ವರ್ಷವೂ ಶಾಲೆ ತೆರೆದ ದಿನ ಪ್ರಾಚೀನ ಈಜಿಪ್ಟಿನಿಂದ ಪಾಠ ಆರಂಭಿಸುತ್ತಿದ್ದರು. ಪರೀಕ್ಷೆ ಹತ್ತಿರ ಬಂದಾಗಲೂ ನೈಲ್ ನದಿಯ ಅದೇ ದಡದಲ್ಲಿರುತ್ತಿದ್ದರು. ಗ್ರೀಸನ್ನೂ ರೋಮನ್ನೂ ಮಕ್ಕಳು ಪುಸ್ತಕ ನೋಡಿ ತಾವೇ ಓದಿಕೊಂಡರು, ಓದಿಕೊಳ್ಳದವರು ಅನುತ್ತೀರ್ಣರಾದರು. ಎರಡನೆಯ ಭಾಷಣಕಾರರು, ದಿವಂಗತರು ಶಾಂತ ಸ್ವಭಾವದವರಾಗಿದ್ದರು ಎಂದರು. ಆಗ ಕೆಮ್ಮುವುದು ಸಾಲದೆಂದು ತೋರಿ ಎದ್ದು ಬಂದೆ.

ಹೀಗಾಗಿ ಇದನ್ನು ನಾನೇ ಬರೆಯಬೇಕಾಯಿತು. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಹೆಸರು ಉಳಿದಷ್ಟು ಕಾಲ ಮನುಷ್ಯ ಉಳಿಯುತ್ತಾನೆ ಎಂದು ಈಜಿಪ್ಟಿನವರು ನಂಬಿದ್ದರಂತೆ. ಇದನ್ನು ನನಗೆ ಹೇಳಿದವರೂ ಅವರೇ. ಅವರ ಮೇಲೆ ನನಗಿರುವ ಆಕ್ಷೇಪಣೆಗಳು ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ ಹೆಸರನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.

ಎರಡನೆಯ ಮಹಾಯುದ್ಧ ಇನ್ನೂ ಆರಂಭವಾಗಿರದ ಕಾಲ. ಬಂಗಾರಪೇಟೆಯನ್ನು ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದರು. ರೈಲು ನಿಲ್ದಾಣದ ಹಿಂದಿನ ವಠಾರದಲ್ಲಿ ಅವರದೂ ನನ್ನದೂ ಒಂದೇ ಗೋಡೆಯ ಮನೆಗಳು. ಬೆಳಗಿನ ರೈಲಿನಲ್ಲಿ ಇಬ್ಬರೂ ಚಾಂಪಿಯನ್ ರೀಫ್ಸ್‌ಗೆ ಹೋಗಿ, ಚಿನ್ನದ ಗಣಿಯ ಕಾರ್ಮಿಕರ ಮಕ್ಕಳಿಗೆ ಪಾಠ ಹೇಳಿ, ಸಂಜೆ ಹಿಂದಿರುಗುತ್ತಿದ್ದೆವು. ನಾನು ಗಣಿತ, ಅವರು ಚರಿತ್ರೆ. ಅವರು ಕೆಲಸಕ್ಕೆ ಸೇರಿದ ದಿನ ಮಳೆ ಬರುತ್ತಿತ್ತು. ಶಾಲೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಜವಾನನೆಂದು ತಿಳಿದು ಒದ್ದೆ ಕೊಡೆಯನ್ನು ನನ್ನ ಕೈಗೆ ಕೊಟ್ಟರು. ನಾನು ಗಣಿತದ ಉಪಾಧ್ಯಾಯ ಎಂದು ತಿಳಿಸಿದೆ. ಆಗಲಾದರೂ ಕೊಡೆಯನ್ನು ಹಿಂದಕ್ಕೆ ಪಡೆಯಬಹುದಿತ್ತು. "ಓಹೋ, ಸಂತೋಷ. ಹಾಗಾದ್ರೆ ಮಡಿಸೋಕೂ ಬರುತ್ತೆ ನಿಮಗೆ" ಎಂದು ಒಳಗೆ ನಡೆದುಬಿಟ್ಟರು.

ಅವರು ಎತ್ತರದ, ತೆಳ್ಳಗಿನ ಮನುಷ್ಯ. ತಲೆಗಿಂತ ರುಮಾಲು ದೊಡ್ಡದು. ನಡೆಯುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು, ಮಾತನಾಡುವಾಗ ಬಿಚ್ಚುತ್ತಿದ್ದರು. ಆದ್ದರಿಂದ ಅವರ ಕೈಗಳು ಕಟ್ಟಿದ್ದನ್ನು ನಾನು ಕಂಡದ್ದು ಕಡಿಮೆ. ಹಳೆಯ ಈಜಿಪ್ಟಿನವರ ಬಗ್ಗೆ ಅವರು ಮಾತನಾಡುವ ರೀತಿ ಹೇಗಿತ್ತೆಂದರೆ, ಕೇಳಿದವರು ಆ ಜನ ಮಾಲೂರಿನ ಆಚೆಗೆ ಎಲ್ಲೋ ಇರುವ ಅವರ ಹತ್ತಿರದ ನೆಂಟರೆಂದು ತಿಳಿಯಬೇಕು. ರೈಲಿನಲ್ಲಿ ಎದುರು ಕೂತ ತರಕಾರಿಯವರಿಗೆ, "ಈರುಳ್ಳಿ ಅಂದ್ರೆ ಪ್ರಾಣ ಅವರಿಗೆ. ಸತ್ತವರ ಜೊತೆಗೂ ಇಡ್ತಿದ್ರು" ಎನ್ನುತ್ತಿದ್ದರು. "ಯಾರ್ ಸ್ವಾಮಿ?" ಎಂದು ಅವರು ಕೇಳಿದರೆ ಬಂಗಾರಪೇಟೆ ಬರುವವರೆಗೆ ಮುಗಿಯದ ಉತ್ತರ ಸಿಗುತ್ತಿತ್ತು.

ಒಂದು ಸೋಮವಾರ ಅವರು ಎರಡೂ ಹುಬ್ಬುಗಳನ್ನು ಬೋಳಿಸಿಕೊಂಡು ಶಾಲೆಗೆ ಬಂದರು. ಮುಖ್ಯೋಪಾಧ್ಯಾಯರು ಗಾಬರಿಯಾಗಿ, ಮನೆಯಲ್ಲಿ ಏನಾದರೂ ಅಶುಭವೇ ಎಂದು ವಿಚಾರಿಸಿದರು.

"ಹೌದು ಸಾರ್, ನಿನ್ನೆ ಹೋಯಿತು."

"ಯಾರು?"

"ಬೆಕ್ಕು. ಮನೆಯ ಬೆಕ್ಕು ಸತ್ತರೆ ಮನೆಯವರೆಲ್ಲ ಹುಬ್ಬು ಬೋಳಿಸೋದು ಅಲ್ಲಿನ ಪದ್ಧತಿ."

"ಎಲ್ಲಿನ ಪದ್ಧತಿ?"

"ಈಜಿಪ್ಟಿನ ಪದ್ಧತಿ ಸಾರ್. ಮಕ್ಕಳಿಗೆ ನಾಳೆ ಆ ಪಾಠ ಇದೆ. ನೋಡಿಯೇ ಕಲೀಲಿ ಅಂತ."

ಆ ಬೆಕ್ಕು ನನ್ನ ಮನೆಯ ಹಾಲು ಕುಡಿದು ಬೆಳೆದದ್ದು ಎಂಬುದನ್ನು ಅವರು ಮುಖ್ಯೋಪಾಧ್ಯಾಯರಿಗೆ ತಿಳಿಸಲಿಲ್ಲ. ಇದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಅವರ ತರಗತಿಯೇ ಒಂದು ರಾಜ್ಯ. ವಾರಕ್ಕೊಬ್ಬ ಹುಡುಗ ಫೆರೋ, ಎಂದರೆ ದೊರೆ. ದೊರೆ ದೇವರ ಮಗನಾದ್ದರಿಂದ ಅವನ ಹೆಸರನ್ನು ಯಾರೂ ಕೂಗುವಂತಿಲ್ಲ. ಫೆರೋ ಎಂಬ ಮಾತಿಗೆ ದೊಡ್ಡಮನೆ ಎಂದೇ ಅರ್ಥವಂತೆ. ಹಾಗಾಗಿ ಹುಡುಗರೆಲ್ಲ ಅವನನ್ನು ದೊಡ್ಡಮನೆ ಎನ್ನಬೇಕು. ನಾನು ಹಾಜರಿ ಕರೆಯುವಾಗ ಒಬ್ಬನ ಹೆಸರಿಗೆ ಉತ್ತರ ಬಾರದೆ ತಲೆಯೆತ್ತಿದರೆ, ಇಡೀ ತರಗತಿ ಗಂಭೀರವಾಗಿ, "ದೊಡ್ಮನೆಯವರಿಗೆ ಜ್ವರ ಸಾರ್" ಎನ್ನುತ್ತಿತ್ತು. ದೊರೆಯ ಕೆಳಗೆ ಒಬ್ಬ ಮಹಾಮಂತ್ರಿ. ಬಡವನ ದೂರನ್ನೂ ಬಲ್ಲಿದನ ದೂರನ್ನೂ ಒಂದೇ ಮುಖ ಇಟ್ಟುಕೊಂಡು ಕೇಳುವುದು ಅವನ ಕೆಲಸ. ಮುಂದಿನ ಬೆಂಚು ಪುರೋಹಿತರದು. ಅವರು ದಿನಕ್ಕೆ ಎರಡು ಸಲ ಮೈ ತೊಳೆಯಬೇಕು, ಉಣ್ಣೆ ಉಡಬಾರದು, ಮೀನು ಮುಟ್ಟಬಾರದು. ಆ ಪುರೋಹಿತರಲ್ಲೊಬ್ಬ ಮನೆಗೆ ಹೋಗಿ ಮೀನುಸಾರು ಒಲ್ಲೆನೆಂದದ್ದಕ್ಕೆ ಅವನ ತಾಯಿ ಶಾಲೆಗೆ ಜಗಳಕ್ಕೆ ಬಂದಿದ್ದಳು. ಅವರ ಹಿಂದಿನ ಸಾಲು ಲಿಪಿಕಾರರು. ಹಿಂದಿನ ಬೆಂಚುಗಳೆಲ್ಲ ರೈತರು. ಶಾಲೆಯ ಕೈತೋಟದಲ್ಲಿ ಬಾವಿಯ ನೀರು ಹರಿಸಿ ನೈಲ್ ನದಿಯ ಪ್ರವಾಹ ತರಿಸುತ್ತಿದ್ದರು. ಪ್ರವಾಹ ಇಳಿದ ಮೇಲೆ ಅಳಿಸಿಹೋದ ಹೊಲದ ಎಲ್ಲೆಗಳನ್ನು ಗಂಟು ಹಾಕಿದ ಹಗ್ಗದಿಂದ ಮತ್ತೆ ಅಳೆಯುವುದು. ಹಗ್ಗ ನನ್ನ ಕೋಣೆಯದು. ಕೇಳಿ ತೆಗೆದುಕೊಂಡದ್ದಲ್ಲ.

ಗಣಿಯ ಕೆಲಸಗಾರನೊಬ್ಬನ ಮಗ, ತಮಿಳು ಮನೆಮಾತಿನವನು, ಒಂದು ದಿನ ಪಾಠದ ನಡುವೆ ಎದ್ದು ನಿಂತ. ದೊರೆ ಸತ್ತಾಗ ರಾಶಿ ಬಂಗಾರವನ್ನು ಅವನ ಜೊತೆಗೆ ಹೂಳುತ್ತಿದ್ದರೆಂದು ಮೇಷ್ಟ್ರು ಆಗಷ್ಟೇ ವರ್ಣಿಸಿದ್ದರು.

"ಸಾರ್, ನಮ್ಮಪ್ಪಾ ಅಷ್ಟು ಆಳಕ್ಕೆ ಇಳಿದು ಬಂಗಾರ ಮೇಲಕ್ಕೆ ತರ್ತಾರೆ. ಇವ್ರು ತಿರುಗಾ ಕೆಳಕ್ಕೇ ಇಟ್ಬಿಟ್ರಾ? ಪೈತ್ಯಮಾ ಸಾರ್ ಇವ್ರಿಗೆ?"

ಇವರಿಗೆ ಹುಚ್ಚೇ ಎಂದು ಅವನು ತನ್ನ ಭಾಷೆಯಲ್ಲಿ ಕೇಳಿದ್ದ. ಬೇರೆ ಯಾರಾಗಿದ್ದರೂ ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇವರು ಪಾಠ ನಿಲ್ಲಿಸಿ, ಗೋಡೆಯ ಆಚೆ ಭಿನ್ನರಾಶಿ ಹೇಳುತ್ತಿದ್ದ ನನ್ನ ತರಗತಿಗೆ ನುಗ್ಗಿ, ನನ್ನ ಮಕ್ಕಳೆದುರು ಆ ಪ್ರಶ್ನೆಯನ್ನು ಅಭಿನಯಿಸಿ ತೋರಿಸಿ, ಮೆಚ್ಚುಗೆಯಿಂದ ಕಣ್ಣೊರೆಸಿಕೊಳ್ಳುತ್ತ ಹೋದರು. ಆ ದಿನ ಭಿನ್ನರಾಶಿ ಮುಂದುವರಿಯಲಿಲ್ಲ.

ಇಂಥವರನ್ನು ಒಂದು ಭಾನುವಾರ ನಾನು ಅಕ್ಕನ ಊರಿಗೆ ಕರೆದುಕೊಂಡು ಹೋದೆ. ಬಂಗಾರಪೇಟೆಯಿಂದ ನಡೆದು ಹೋಗಬಹುದಾದ ಹಳ್ಳಿ. ಭಾವ ತೀರಿಕೊಂಡ ಮೇಲೆ ಅಕ್ಕ ತಾನೇ ನಿಂತು ಕೆರೆಯ ಕೆಳಗಿನ ಗದ್ದೆಯನ್ನು ಮಾಡಿಸುತ್ತಿದ್ದಳು. ಮುದ್ದೆ ಸಾರು ಬಡಿಸಿ, ಸ್ವಲ್ಪ ಹೊತ್ತು ಅವರನ್ನೇ ನೋಡಿ, ನನ್ನ ಕಿವಿಯ ಹತ್ತಿರ, ಆದರೆ ಅವರಿಗೂ ಕೇಳುವಂತೆ ಹೇಳಿದಳು: "ಲೇ, ನಿಮ್ ಮೇಷ್ಟ್ರು ಮುದ್ದೇನ ಅಗೀತಾವ್ರೆ ಕಣ್ಲಾ."

"ನುಂಗಬೇಕೇನಮ್ಮ?"

"ನುಂಗ್ಬೇಕು. ಅಗಿಯಾಕೆ ಅದೇನ್ ಕಬ್ಬಾ?"

ಅವರು ನುಂಗಲು ಕಲಿತರು. ಕಲಿಯುತ್ತಲೇ, ಈಜಿಪ್ಟಿನಲ್ಲಿ ಹೆಣ್ಣುಮಕ್ಕಳಿಗೆ ಸ್ವಂತ ಜಮೀನು ಇರುತ್ತಿತ್ತು, ಅನ್ಯಾಯವಾದರೆ ಅವರೇ ನ್ಯಾಯಸ್ಥಾನಕ್ಕೆ ಹೋಗಿ ಕೇಳುತ್ತಿದ್ದರು ಎಂದು ತಿಳಿಸಿದರು. ಅಕ್ಕ ಸಾರಿನ ಸೌಟನ್ನು ಹಿಡಿದುಕೊಂಡೇ ಕೂತಳು.

"ಅಂಗಾದ್ರೆ ಅಲ್ಲಿ ನೀರ್ ಕಟ್ಟಾಕೋರು ಇರ್ಲಿಲ್ವಾ?"

ವಿಷಯ ಇದು. ಕೆರೆಯ ತೂಬಿನಿಂದ ಹೊರಟ ಕಾಲುವೆ ಮೊದಲು ಊರ ಪಟೇಲರ ಕಬ್ಬಿನ ತೋಟದ ಪಕ್ಕ ಹಾದು, ಕೊನೆಗೆ ಅಕ್ಕನ ಗದ್ದೆಗೆ ಬರುತ್ತಿತ್ತು. ಆ ವರ್ಷ ಪಟೇಲರು ತಮ್ಮ ತೋಟದ ಹತ್ತಿರ ಕಾಲುವೆಗೆ ಕಲ್ಲು ಮಣ್ಣು ಹಾಕಿ ಅಡ್ಡ ಕಟ್ಟಿಸಿಬಿಟ್ಟಿದ್ದರು. ಅಕ್ಕನ ಭತ್ತ ಹೊಡೆ ಒಡೆಯುವ ಸಮಯ. ಇನ್ನು ಕೆಲವು ದಿನ ನೀರು ಕಾಣದಿದ್ದರೆ ತೆನೆಯೆಲ್ಲ ಜೊಳ್ಳು. ನೀರು ಹಂಚುವ ನೀರಗಂಟಿಯನ್ನು ಕೇಳಿದರೆ ಅವನು ನೆಲ ನೋಡುತ್ತಿದ್ದ. ಪಟೇಲರನ್ನು ಕೇಳಿದರೆ, "ಕೊನೇ ಗದ್ದೇಗೆ ಕೊನೇಗೇ ಬತ್ತದೆ ಕಣಮ್ಮ ನೀರು" ಎನ್ನುತ್ತಿದ್ದರು. ಮೇಲೆ ದೂರು ಕೊಡೋಣವೆಂದರೆ ಊರಿನ ಮಟ್ಟಿಗೆ ಸರ್ಕಾರ ಎಂದರೆ ಪಟೇಲರೇ. ಅಲ್ಲಿನ ದೊರೆಯನ್ನೂ ದೊಡ್ಡಮನೆ ಎನ್ನುತ್ತಿದ್ದರೆಂದು ಮೇಷ್ಟ್ರು ಹೇಳಿದರು.

"ಅಲ್ಲೂ ದೊಡ್ಮನೆ, ಇಲ್ಲೂ ದೊಡ್ಮನೆ. ಬುಡಿ" ಎಂದು ಅಕ್ಕ ಸೌಟನ್ನು ಕೆಳಗಿಟ್ಟಳು.

ಅದೇ ಸಂಜೆ ಪಟೇಲರ ಪರಿಚಯವಾಯಿತು. ದೊಡ್ಡ ದನಿಯ, ಧಾರಾಳ ನಗುವಿನ ಮನುಷ್ಯ. ಒಂದೇ ಹುಚ್ಚು, ನಾಟಕ. ಪ್ರತಿ ಕಾರ್ತಿಕದಲ್ಲಿ ಊರಿನವರು ಆಡುತ್ತಿದ್ದ ನಾಟಕದಲ್ಲಿ ರಾಜನ ಪಾತ್ರ ಅವರಿಗೇ ಮೀಸಲು. ಬಣ್ಣದ ಪೆಟ್ಟಿಗೆಗೆ ಅವರ ಮನೆಯಲ್ಲಿ ದೇವರ ಗೂಡಿನಲ್ಲಿ ಜಾಗ. ಆ ವರ್ಷ ನಾಟಕ ಕಲಿಸುವ ಮೇಷ್ಟ್ರು ಬೇರೆ ಊರಿನ ಕರೆಗೆ ಹೋಗಿಬಿಟ್ಟಿದ್ದರಿಂದ ಪಟೇಲರು ಮಂಕಾಗಿದ್ದರು. ನಮ್ಮ ಮೇಷ್ಟ್ರು ಚಾವಡಿಯಲ್ಲಿ ಕೂತು ಈಜಿಪ್ಟಿನ ರಾಜರ ವಿಚಾರ ಎತ್ತಿದ್ದೇ ತಡ, ಹತ್ತಿರ ಸರಿದರು.

"ಅಲ್ಲಿ ರಾಜನ್ಗೆ ಕಿರೀಟ ಎಂಗಿರ್ತದೆ ಮೇಷ್ಟ್ರೇ?"

"ಎರಡು, ಪಟೇಲ್ರೇ. ಮೇಲಿನ ಸೀಮೆಗೆ ಬಿಳಿ ಕಿರೀಟ, ಕೆಳಗಿನ ಸೀಮೆಗೆ ಕೆಂಪು ಕಿರೀಟ. ಎರಡನ್ನೂ ಒಟ್ಟಿಗೆ ಇಟ್ಕೊಳ್ತಾನೆ."

ಪಟೇಲರು ತಮ್ಮ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ಅತ್ಯಂತ ಮೃದುವಾಗಿ, "ಎಲ್ಡೂವಾ?" ಎಂದರು. ಆ ವರ್ಷದ ನಾಟಕ ನಿರ್ಧಾರವಾದದ್ದು ಆ ಕ್ಷಣದಲ್ಲಿ.

ಕಥೆ ಸರಳ. ದೊರೆ ಸತ್ತು ಪರಲೋಕದ ನ್ಯಾಯಸಭೆಗೆ ಬರುತ್ತಾನೆ. ಅಲ್ಲಿ ನಲವತ್ತೆರಡು ದೇವತೆಗಳು ಸಾಲಾಗಿ ಕೂತಿರುತ್ತಾರೆ. ಒಬ್ಬೊಬ್ಬರ ಮುಂದೆಯೂ ನಿಂತು, ಬದುಕಿದ್ದಾಗ ತಾನು ಮಾಡದ ಪಾಪವೊಂದನ್ನು ಹೇಳಬೇಕು: ಅಳತೆಯಲ್ಲಿ ಮೋಸ ಮಾಡಿಲ್ಲ, ಹೊಲದ ಎಲ್ಲೆ ಒತ್ತಿಲ್ಲ, ಕೂಲಿಯವನನ್ನು ಅಳಿಸಿಲ್ಲ, ಹೀಗೆ. ಆಮೇಲೆ ತಕ್ಕಡಿಯ ಒಂದು ತಟ್ಟೆಯಲ್ಲಿ ಅವನ ಹೃದಯ, ಇನ್ನೊಂದರಲ್ಲಿ ಸತ್ಯದ ಗರಿ. ಹೃದಯ ಭಾರವಾಗಿದ್ದರೆ ತಕ್ಕಡಿಯ ಕೆಳಗೆ ಬಾಯಿ ತೆರೆದು ಕೂತ ಮೊಸಳೆ ಮೋರೆಯ ಪ್ರಾಣಿ ಅದನ್ನು ತಿಂದುಬಿಡುತ್ತದೆ. ಅಲ್ಲಿಗೆ ಅವನ ಕಥೆ ಮುಗಿಯಿತು.

ತಕ್ಕಡಿಯನ್ನು ಬಂಗಾರಪೇಟೆಯ ಬೆಲ್ಲದ ಮಂಡಿಯಿಂದ ತಂದರು. ಹೃದಯಕ್ಕೆ ಪುಟ್ಟ ಕೆಂಪು ಗಡಿಗೆ. ಗರಿಗೆ ಉಷ್ಟ್ರಪಕ್ಷಿಯೇ ಬೇಕೆಂದು ಮೇಷ್ಟ್ರು ಹಟ ಹಿಡಿದು, ಕೊನೆಗೆ ಬೆಳ್ಳಕ್ಕಿಯ ಗರಿಗೆ ಒಪ್ಪಿದರು. ನಲವತ್ತೆರಡು ಮುಖಗಳಿಗೆ ಹಚ್ಚುವಷ್ಟು ಬಣ್ಣ ಊರಿನಲ್ಲಿ ಇರಲಿಲ್ಲವಾಗಿ ದೇವತೆಗಳು ಏಳೆಂಟಕ್ಕೆ ಇಳಿದರು. ತಕ್ಕಡಿ ಹಿಡಿಯುವ ನರಿಮುಖದ ದೇವರ ಪಾತ್ರ ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ. ನನಗೆ ಮೊಸಳೆ. ತೂಕ ಮತ್ತು ಅಳತೆ ನನ್ನ ವಿಷಯ, ಆದ್ದರಿಂದ ತಕ್ಕಡಿ ನನಗೆ ಬರಬೇಕು ಎಂದು ವಾದಿಸಿದೆ.

"ತಕ್ಕಡಿ ಯಾರು ಬೇಕಾದ್ರೂ ಹಿಡೀತಾರೆ. ಆ ಗಂಭೀರ ಮುಖಭಾವ ನಿಮಗೊಬ್ಬರಿಗೇ ಇರೋದು."

"ಮುಖ ಮೊಸಳೆ ತಲೆಯ ಒಳಗಿರುತ್ತಲ್ಲ ಸ್ವಾಮಿ, ಯಾರಿಗೆ ಕಾಣುತ್ತೆ?"

"ಒಳಗಿದ್ದರೂ ಗೊತ್ತಾಗುತ್ತೆ" ಎಂದರು. ಅಂದಿನಿಂದ ನಿವೃತ್ತನಾಗುವವರೆಗೂ ಚಾಂಪಿಯನ್ ರೀಫ್ಸ್‌ನ ಮಕ್ಕಳು ನನ್ನನ್ನು ಏನೆಂದು ಕರೆದರೆಂಬುದನ್ನು ವಿವರಿಸುವ ಅಗತ್ಯವಿಲ್ಲ.

ಅಭ್ಯಾಸ ಪಟೇಲರ ಅಂಗಳದಲ್ಲಿ. ಸಂಜೆ ರೈಲಿಳಿದು ನೇರ ಅಲ್ಲಿಗೇ ನಡೆಯುತ್ತಿದ್ದೆವು. ಪಟೇಲರು ಎಲ್ಲ ಮಾತುಗಳನ್ನೂ ಕೆರೆಯ ಏರಿಗೆ ಕೇಳಿಸುವಂತೆ ಹೇಳುತ್ತಿದ್ದರು. ಆದರೆ ಒಂದು ಮಾತಿಗೆ ಬಂದೊಡನೆ ದನಿ ಇಳಿಯುತ್ತಿತ್ತು. ಹರಿಯುವ ನೀರಿಗೆ ಅಡ್ಡ ಕಟ್ಟಿಲ್ಲ ಎಂಬ ಮಾತು. ಇದನ್ನು ಮೇಷ್ಟ್ರು ಸೇರಿಸಿದ್ದಲ್ಲ. ನದಿಯನ್ನೇ ನಂಬಿ ಬದುಕಿದ ಆ ದೇಶದಲ್ಲಿ ಅದು ದೊಡ್ಡ ಪಾಪಗಳಲ್ಲಿ ಒಂದಾಗಿತ್ತು, ಸತ್ತವರೆಲ್ಲರೂ ಹೇಳಬೇಕಾಗಿದ್ದ ಮಾತು.

"ಈ ಒಂದನ್ನ ತೆಗೆದಾಕಿ ಮೇಷ್ಟ್ರೇ. ಪಾತ್ರ ಉದ್ದ ಆಯ್ತದೆ" ಎಂದು ಪಟೇಲರು ಕೇಳಿದರು.

"ತೆಗೆಯೋ ಹಾಗಿಲ್ಲ. ಒಬ್ಬೊಬ್ಬ ದೇವರಿಗೆ ಒಂದೊಂದು ಮಾತು. ಆ ಮಾತಿಗೇ ಕಾದು ಕೂತಿರೋ ದೇವರಿಗೆ ನಾನೇನು ಹೇಳಲಿ?"

"ಅಲ್ಲಾ, ಬಣ್ಣ ಅಚ್ಚಿದ ಮ್ಯಾಲೆ ನಾಲ್ಗೆ ಮೇಲೆ ಸುಳ್ಳು ಓಡಾಕಿಲ್ಲ ನಂಗೆ. ನಮ್ ಮನೇಲಿ ಬಣ್ಣದ ಪೆಟ್ಗೇನ ಪೂಜೆ ಮಾಡ್ತೀವಿ" ಎಂದವರು, ಹೇಳಿದ್ದು ಹೆಚ್ಚಾಯಿತೆನಿಸಿ ನನ್ನ ಕಡೆ ನೋಡಿದರು.

"ಹಾಗಾದ್ರೆ ಇನ್ನೂ ಅಭ್ಯಾಸ ಬೇಕು" ಎಂದು ಮೇಷ್ಟ್ರು ಮೊದಲಿನಿಂದ ಆರಂಭಿಸಿದರು.

ಹಿಂದಿರುಗುವ ದಾರಿಯಲ್ಲಿ ನಾನು ಅವರನ್ನು ತಡೆದು ನಿಲ್ಲಿಸಿದೆ. ಪಟೇಲರಿಗೆ ನಿಮ್ಮ ಮೇಲೆ ಇಷ್ಟು ಗೌರವವಿದೆ, ಕಾಲುವೆ ಬಿಡಿಸಿ ಎಂದು ಒಂದು ಮಾತು ಹೇಳಿ, ಅಕ್ಕನ ಗದ್ದೆ ಒಣಗುತ್ತಿದೆ ಎಂದು ಬೇಡಿಕೊಂಡೆ.

"ನಾಟಕದ ವಿಷಯ ಬಿಟ್ಟು ನಾನು ಅವರ ಹತ್ತಿರ ಬೇರೆ ಮಾತಾಡಲ್ಲ ಕಣ್ರೀ. ಅವರು ರಾಜನ ಹಾಗೆ ನಡೀತಿಲ್ಲ ಇನ್ನೂ, ಅದೇ ಯೋಚನೆ ನನಗೆ."

ಅಕ್ಕನ ಮುದ್ದೆ ಉಂಡ ಬಾಯಿಂದ ಬಂದ ಮಾತು. ಮರುದಿನ ರೈಲಿನಲ್ಲಿ ನಾನು ಬೇರೆ ಡಬ್ಬಿಯಲ್ಲಿ ಕೂತೆ. ಅವರಿಗೆ ಗೊತ್ತಾಗಲೇ ಇಲ್ಲ.

ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಕೋಪಿಸಿಕೊಳ್ಳಲಿಲ್ಲ. ಪಟೇಲರ ಪಾತ್ರದ ಮಾತುಗಳೇನು ಎಂದು ಮಾತ್ರ ಕೇಳಿದಳು. ನಾನು ಒಪ್ಪಿಸಿದೆ. ನೀರಿನ ಮಾತು ಯಾವ ದೇವರ ಮುಂದೆ, ಆ ದೇವರ ಪಾತ್ರ ಯಾರದು ಎಂದಳು. ನೀರಗಂಟಿಯದು ಎಂದೆ. ಅವನ ಪಾತ್ರಕ್ಕೆ 'ಕೇಳಿದೆ, ಮುಂದೆ ನಡೆ' ಎಂಬುದೊಂದೇ ಮಾತು. ಅಕ್ಕ ನಗುತ್ತ ಒಳಗೆ ಹೋದಳು.

ನಾಟಕವನ್ನು ಹಗಲು ಹೊತ್ತಿನಲ್ಲೇ ಆಡಬೇಕೆಂದು ಮೇಷ್ಟ್ರ ಕಟ್ಟಪ್ಪಣೆ. ಈಜಿಪ್ಟಿನ ದೊಡ್ಡ ದೇವರು ಸೂರ್ಯ. ಅವನು ಮುಳುಗಿದ ಮೇಲೆ ಯಾರಿಗೆ ತೋರಿಸುವುದು ಎಂದರು. ಮಧ್ಯಾಹ್ನದ ಹೊತ್ತಿಗೆ ಊರ ಮುಂದಿನ ಬಯಲಿನಲ್ಲಿ ಸುತ್ತಣ ಹಳ್ಳಿಗಳ ಜನ ಕೂಡಿದ್ದರು. ಚಾಂಪಿಯನ್ ರೀಫ್ಸ್‌ನಿಂದ ನಮ್ಮ ಶಾಲೆಯ ಮಕ್ಕಳೂ ಅಪ್ಪಂದಿರೂ ರೈಲಿಳಿದು ನಡೆದು ಬಂದಿದ್ದರು. ಅಕ್ಕ ಹೆಂಗಸರ ಕಡೆ ಮೊದಲ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದಳು.

ಬಿದಿರು ಮತ್ತು ಗೋಣಿಯ ಮೊಸಳೆ ತಲೆಯೊಳಗೆ ನನಗೆ ಉಸಿರು ಕಟ್ಟುತ್ತಿತ್ತು. ತಕ್ಕಡಿಯ ಬುಡದಲ್ಲಿ ಕೂತಿದ್ದ ನನಗೆ ಅದರ ತೆರೆದ ಬಾಯಿಂದ ಪಟೇಲರು ಮಾತ್ರ ಚೆನ್ನಾಗಿ ಕಾಣುತ್ತಿದ್ದರು. ಬಿಳಿ ಕಿರೀಟ, ಅದರ ಸುತ್ತ ಕೆಂಪು ಕಿರೀಟ, ಮೈತುಂಬ ಬಿಳಿ ಬಟ್ಟೆ. ನಿಜ ಹೇಳಬೇಕೆಂದರೆ ರಾಜನೇ. ಒಬ್ಬೊಬ್ಬ ದೇವರ ಮುಂದೆಯೂ ನಿಂತು ಗುಡುಗಿದರು. ದೇವರುಗಳು ಕೇಳಿದೆ, ಮುಂದೆ ನಡೆ ಎಂದರು. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ನೀರಗಂಟಿಯ ಮುಂದೆ ಬಂದು ನಿಂತರು.

"ಹರಿಯುವ ನೀರಿಗೆ ನಾನು ಅಡ್ಡ ಕಟ್ಟಿಲ್ಲ" ಎಂದರು. ದನಿ ಇಳಿಯಿತು.

ನೀರಗಂಟಿ ತನ್ನ ಮಾತನ್ನು ಹೇಳಲಿಲ್ಲ. ಮುಖದ ತುಂಬ ಅರಿಶಿನದ ಬಣ್ಣ, ತಲೆಯ ಮೇಲೆ ಹಾವಿನ ಹೆಡೆ. ಅವನು ಎಂದಿನಂತೆ ನೆಲ ನೋಡುತ್ತಿದ್ದ. ನೆಲ ನೋಡುತ್ತಲೇ ನಿಧಾನವಾಗಿ, "ಕೇಳಿಸ್ನಿಲ್ಲ ಬುದ್ಧಿ. ಇನ್ನೊಂದ್ಸಲ ಏಳಿ" ಎಂದ.

ದೇವರೇ ರಾಜನನ್ನು, ಆಳು ಒಡೆಯನನ್ನು ಕರೆಯುವಂತೆ, 'ಬುದ್ಧಿ' ಎಂದದ್ದಕ್ಕೆ ಮೊದಲು ಮಕ್ಕಳು ನಕ್ಕರು. ದೊಡ್ಡವರು ನಗಲಿಲ್ಲ. ಆಗ ಹೆಂಗಸರ ಸಾಲಿನಿಂದ ಅಕ್ಕನ ದನಿ ಬಂತು.

"ಒನ್ಸ್ ಮೋರ್."

ನಮ್ಮ ಕಡೆ ನಾಟಕ ನೋಡುವವರಿಗೆ ಇದು ಗೊತ್ತು. ಹಾಡು ಮೆಚ್ಚಿದ ಜನ ಒನ್ಸ್ ಮೋರ್ ಎಂದರೆ ನಟ ಅದನ್ನು ಮತ್ತೆ ಹಾಡಲೇಬೇಕು. ರಾಜನಾಗಿರಲಿ, ಸತ್ತು ಬಿದ್ದಿರಲಿ, ಎದ್ದು ಹಾಡಿ ಮತ್ತೆ ಸಾಯಬೇಕು. ನಿರಾಕರಿಸಿದ ನಟ ಮುಂದೆ ಆ ಊರಿನಲ್ಲಿ ಬಣ್ಣ ಹಚ್ಚುವಂತಿಲ್ಲ. ಪಟೇಲರು ಜೀವನದಲ್ಲಿ ಒನ್ಸ್ ಮೋರ್‌ಗೆ ಬೆನ್ನು ತೋರಿಸಿದವರಲ್ಲ. ಮತ್ತೆ ಹೇಳಿದರು. ಕೆಳಗಿನ ಗದ್ದೆಗಳವರೆಲ್ಲ ಈಗ ಅಕ್ಕನ ಜೊತೆ ಸೇರಿದರು: ಒನ್ಸ್ ಮೋರ್. ಮತ್ತೆ ಹೇಳಿದರು. ಚಾಂಪಿಯನ್ ರೀಫ್ಸ್‌ನವರಿಗೆ ಕಾಲುವೆಯ ವಿಷಯ ಗೊತ್ತಿರಲಿಲ್ಲ. ಮಾತೇ ಅಷ್ಟು ಚೆನ್ನಾಗಿದೆಯೆಂದು ತಿಳಿದು ಅವರೂ ಕೂಗಿದರು. ಪ್ರತಿ ಸಲವೂ ದನಿ ಇನ್ನಷ್ಟು ಇಳಿಯಿತು. ಮೊಸಳೆಯ ಬಾಯಿಂದ ನೋಡುತ್ತಿದ್ದ ನನಗೆ ಅವರ ಗದ್ದದಿಂದ ಬಣ್ಣ ಬೆವರಿನ ಜೊತೆ ತೊಟ್ಟಿಕ್ಕುವುದು ಕಾಣುತ್ತಿತ್ತು.

ಪಟೇಲರು ದೇವರ ಕಡೆ ಬಾಗಿ ಗುಟ್ಟಾ‌ಗಿ, "ಲೇ, ಈ ಮಾತು ನಾಳೆ ಏಳ್ತೀನಿ. ಈಗ ಮುಂದಿಂದು ಏಳ್ಳಾ?" ಎಂದರು.

ಪರದೆಯ ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರಿಗೆ ಅದು ಹೇಗೆ ಕೇಳಿಸಿತೋ. ಅಲ್ಲಿಂದಲೇ, ಎಲ್ಲರಿಗೂ ಕೇಳುವಂತೆ, ಅತ್ಯಂತ ಬೇಸರದಿಂದ ಹೇಳಿದರು: "ಈಜಿಪ್ಟಿನಲ್ಲಿ ವಾಯಿದೆ ಇಲ್ಲ, ಪಟೇಲ್ರೇ."

ಈ ಮನುಷ್ಯ ಈಗ ಕಿರೀಟ ಕಿತ್ತೆಸೆದು ಮನೆಗೆ ನಡೆಯುತ್ತಾರೆ, ನಾಳೆಯಿಂದ ಅಕ್ಕನಿಗೆ ಆ ಊರಿನಲ್ಲಿ ಕುಡಿಯಲೂ ನೀರಿಲ್ಲ ಎಂದು ನಾನು ತಿಳಿದೆ. ಪಟೇಲರು ಕಿರೀಟಗಳಿಗೆ ಕೈ ಹಾಕಿದ್ದೂ ನಿಜ. ಆದರೆ ತೆಗೆಯಲಿಲ್ಲ, ಸರಿಪಡಿಸಿಕೊಂಡರು. ಜನರ ನಡುವೆ ಕೂತಿದ್ದ ತಮ್ಮ ಆಳನ್ನು ಹುಡುಕಿ, ರಾಜನ ದನಿಯಲ್ಲಿ ಅಲ್ಲ, ತಮ್ಮದೇ ದನಿಯಲ್ಲಿ ಕೂಗಿದರು.

"ಲೇ, ಗುದ್ಲಿ ತಗೊಂಡೋಗು. ತೋಟದತ್ರ ಕಟ್ಟಿರೋದನ್ನ ಕಿತ್ತಾಕ್ಬುಟ್ ಬಾ. ನಾನಿಲ್ಲೇ ನಿಂತಿರ್ತೀನಿ."

"ಪೂರ್ತೀನಾ ಬುದ್ಧಿ?"

"ಪೂರ್ತಿ ಕಣ್ಲಾ. ಎಲ್ಡು ಕಿರೀಟ ಒತ್ಕೊಂಡ್ ನಿಂತಿವ್ನಿ, ಬಿರ್ನೆ ಓಗು."

ಆಳು ಓಡಿದ. ಅವನ ಹಿಂದೆ ಊರಿನ ಅರ್ಧ ಜನ ಓಡಿದರು. ಅಕ್ಕ ಯಾವಾಗ ಎದ್ದು ಹೋದಳೋ ತಿಳಿಯಲಿಲ್ಲ. ಉಳಿದವರಿಗೆ ಹಾರ್ಮೋನಿಯಂನವನು ಒಂದು ರಾಗ ಹಿಡಿದ. ಸತ್ತ ದೊರೆ ನೀರಗಂಟಿಯ ಮುಂದೆ ಕದಲದೆ ನಿಂತಿದ್ದರು. ನೀರಗಂಟಿ ಆಗಾಗ, "ಕೂತ್ಕಳಿ ಬುದ್ಧಿ" ಎನ್ನುತ್ತಿದ್ದ, ಅವರು ಕೂರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲುವೆಯ ಕಡೆಯಿಂದ ಕೂಗು ಕೇಳಿತು. ಆಳು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದು ನಿಂತ.

"ಒಡೆದಾಯ್ತು ಬುದ್ಧಿ. ನೀರು ಓಯ್ತಾ ಅದೆ."

ಪಟೇಲರು ಎದೆಯುಬ್ಬಿಸಿ ಉಸಿರೆಳೆದುಕೊಂಡರು. ಆಮೇಲೆ ಆ ಮಾತನ್ನು ಹೇಳಿದರು. ನಾನು ಬಹಳ ನಾಟಕ ನೋಡಿದ್ದೇನೆ, ದೊಡ್ಡ ಕಂಪನಿಗಳ ಹೆಸರಾಂತ ನಟರನ್ನು ಕೇಳಿದ್ದೇನೆ. ಅಂಥ ದನಿಯನ್ನು ಮತ್ತೆ ಕೇಳಿಲ್ಲ. ಕೆರೆಯ ಏರಿಯ ಮೇಲಿದ್ದ ಕೊಕ್ಕರೆಗಳು ಎದ್ದು ಹಾರಿದವು. "ಕೇಳಿದೆ. ಮುಂದೆ ನಡೀರಿ" ಎಂದು ನೀರಗಂಟಿ ಕಣ್ಣು ಮೇಲೆತ್ತಿ ಹೇಳಿದ. ಜನ ಮತ್ತೆ ಒನ್ಸ್ ಮೋರ್ ಎಂದರು, ಈ ಸಲ ನಿಜವಾಗಿ. ಪಟೇಲರು ನಿಜವಾಗಿಯೇ ಮತ್ತೆ ಹೇಳಿದರು, ಕೇಳದಿದ್ದಾಗಲೂ ಹೇಳಿದರು. ಹೃದಯದ ಗಡಿಗೆ ಬೆಳ್ಳಕ್ಕಿಯ ಗರಿಯ ಎದುರು ಮೇಲಕ್ಕೆ ಎದ್ದಿತು. ಡ್ರಾಯಿಂಗ್ ಮೇಷ್ಟ್ರು ತಟ್ಟೆಯನ್ನು ಬೆರಳಿನಿಂದ ಎತ್ತಿದ್ದು ಕೆಳಗಿದ್ದ ನನಗೆ ಕಾಣಿಸಿತು, ನಾನು ಹೇಳಲಿಲ್ಲ. ದೊರೆಯ ಪಾತ್ರ ಮುಂದಿನ ವರ್ಷಗಳಲ್ಲಿಯೂ ಪಟೇಲರದೇ ಆಯಿತು. ಪ್ರತಿ ಕಾರ್ತಿಕದಲ್ಲಿ ನಾಟಕಕ್ಕೆ ಮೊದಲು ಅವರು ತಾವೇ ಗುದ್ದಲಿ ಹಿಡಿದು ಕಾಲುವೆಯ ಉದ್ದಕ್ಕೂ ನಡೆದು, ಬಿದ್ದ ಮಣ್ಣು ಕಲ್ಲುಗಳನ್ನು ತೆಗೆಸಿ ಬರುತ್ತಿದ್ದರು. ಗಂಟಲಿಗೆ ಒಳ್ಳೆಯದು ಎನ್ನುತ್ತಿದ್ದರು.

ಬೆವರು ಒರೆಸಿಕೊಳ್ಳುವುದಕ್ಕೂ ನಿಲ್ಲದೆ ಮೊಸಳೆಯ ತಲೆಯನ್ನು ಕಂಕುಳಲ್ಲಿ ಹಿಡಿದುಕೊಂಡು ನಾನು ಗದ್ದೆಯ ಕಡೆ ನಡೆದೆ. ಮೇಷ್ಟ್ರು ಹಿಂದೆಯೇ ಬಂದರು. ದಾರಿಯುದ್ದಕ್ಕೂ ಗೊಣಗಾಟ. ನಾಟಕ ಕೆಟ್ಟುಹೋಯಿತಂತೆ. ಸತ್ತು ನ್ಯಾಯಸಭೆಯಲ್ಲಿ ನಿಂತವನು ಆಳು ಕಳಿಸಿ ಕಾಲುವೆ ಬಿಡಿಸುವುದು ಎಲ್ಲಿಯಾದರೂ ಉಂಟೇ, ಈಜಿಪ್ಟಿನ ಧರ್ಮವೇ ತಲೆಕೆಳಗಾಯಿತು, ಮಕ್ಕಳು ಪರೀಕ್ಷೆಯಲ್ಲಿ ಹೀಗೆಯೇ ಬರೆದರೆ ಯಾರು ಹೊಣೆ. ನೀವು ಇದನ್ನು ಬೇಕೆಂದೇ ಮಾಡಿದಿರಾ ಎಂದು ನಾನು ಕೇಳಿದೆ. ಏನನ್ನು ಎಂದರು. ಅವರ ಮುಖದಲ್ಲಿ ಕಪಟವನ್ನು ಹುಡುಕಿದೆ. ಹುಬ್ಬುಗಳು ಅಷ್ಟು ಹೊತ್ತಿಗೆ ಪೂರ್ತಿ ಬೆಳೆದಿದ್ದವು. ಬೇರೆ ಯಾವ ವಿಶೇಷವೂ ಕಾಣಲಿಲ್ಲ.

ಅಕ್ಕ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಪಾದ ಮುಳುಗುವ ನೀರಿನಲ್ಲಿ ನಿಂತಿದ್ದಳು. ಬಿರುಕು ಬಿಟ್ಟಿದ್ದ ನೆಲ ನೀರು ಕುಡಿಯುವ ಸದ್ದು ಕೇಳಿಸುತ್ತಿತ್ತು. ಮೇಷ್ಟ್ರು ಬದುವಿನ ಮೇಲೆ ಕುಕ್ಕರಿಸಿ, ತಮ್ಮ ದೂರನ್ನು ಅವಳ ಮುಂದೆಯೂ ಇಟ್ಟರು.

"ಅಲ್ಲಿ ಹಾಗಿಲ್ಲಮ್ಮ. ಸತ್ತ ಮೇಲೆ ಹಿಂದಕ್ಕೆ ಹೋಗಿ ತಪ್ಪು ಸರಿಮಾಡೋಕೆ ಆಗಲ್ಲ. ಮಾಡಿದ್ದು ಮಾಡಿದ ಹಾಗೇ ತಕ್ಕಡಿಗೆ ಬೀಳಬೇಕು."

"ಅದುಕ್ಕೇ ಮೇಷ್ಟ್ರೇ, ಬದುಕಿರೋವಾಗ್ಲೇ ಒಂದ್ಸಲ ಸಾಯ್ಸಿ ನಿಲ್ಸಿದ್ರಲ್ಲ, ಒಳ್ಳೇದಾಯ್ತು" ಎಂದಳು ಅಕ್ಕ.

ಅವರ ಕೈಗಳು ಗಾಳಿಯಲ್ಲಿ ಹಾಗೆಯೇ ನಿಂತವು. ಆಮೇಲೆ ನಗು ಬಂತು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಅನಂತರವೂ ಕಂಡಿಲ್ಲ. ರುಮಾಲು ಜಾರಿ ತೊಡೆಯ ಮೇಲೆ ಬಿತ್ತು, ಪಂಚೆಯ ಅಂಚು ನೀರಿಗಿಳಿಯಿತು, ಅವರು ಬದುವಿನ ಮೇಲೆ ಪೂರ್ತಿ ಕೂತುಬಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅಕ್ಕ ಅವರ ನಗು ಮುಗಿಯಲೆಂದು ಸ್ವಲ್ಪ ಹೊತ್ತು ಗುದ್ದಲಿ ಊರಿಕೊಂಡು ಕಾದಳು. ಮುಗಿಯುವ ಲಕ್ಷಣ ಕಾಣಲಿಲ್ಲ. ಮೇಲಿನ ಪಾತಿಯಲ್ಲಿ ನೀರು ತುಂಬಿ ಬದುವಿನ ತುದಿಗೆ ಬರುತ್ತಿತ್ತು.

"ಎದ್ದೇಳಿ ಮೇಷ್ಟ್ರೇ" ಎಂದಳು. "ಕೆಳಗಿನ ಪಾತಿಗೆ ನೀರ್ ಬುಡೋ ಮಡೆ ಮೇಲೇ ಕೂತಿದ್ದೀರ."

ಅವರು ಎದ್ದ ವೇಗಕ್ಕೆ ರುಮಾಲು ಕೆಸರಿಗೆ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ. ಅಕ್ಕನ ಕೈಯಿಂದ ಗುದ್ದಲಿ ತೆಗೆದುಕೊಂಡು, ಹಿಡಿಯಲು ಬಾರದಿದ್ದರೂ ಹಿಡಿದು, ತಾವು ಕೂತಿದ್ದ ಜಾಗವನ್ನು ತಾವೇ ಅಗೆದು ನೀರಿಗೆ ದಾರಿ ಬಿಟ್ಟರು.